‘ಇನ್‌ಹ್ಯಾಬಿಟೆಂಟ್’ ಪದವನ್ನು ವಾಕ್ಯದಲ್ಲಿ ಬಳಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮಕ್ಕಳಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರು, ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು, ಬಡಾವಣೆಯ ಪರವಾಗಿ ಕಾಗದ ಬರೆಯುವ ಹಿರಿಯರು ಬಂದು ಪದಗಳ ಬಗ್ಗೆ ಕೇಳುತ್ತಾರೆ. ಅದರಲ್ಲಿ ಮತ್ತೆ ಮತ್ತೆ ಬರುವ ಪದ ‘ಇನ್‌ಹ್ಯಾಬಿಟೆಂಟ್’. ಅರ್ಥ ಕೇಳಿದರೆ ಎಲ್ಲರೂ ‘ನಿವಾಸಿ’ ಅಂತ ತಟ್ಟನೆ ಹೇಳುತ್ತಾರೆ. ಸ್ವಂತ ವಾಕ್ಯ ಮಾಡಿ ಅಂದರೆ ಅಲ್ಲೇ ನಿಂತುಬಿಡುತ್ತಾರೆ. ಅವರೆಲ್ಲ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಇನ್‌ಹ್ಯಾಬಿಟೆಂಟ್ ಅಂದರೆ ನಿವಾಸಿ. ಅಷ್ಟು ಗೊತ್ತಿದ್ದರೆ ಸಾಕಲ್ವಾ?

ಓದುವಾಗ ಸಾಕು, ಬರೆಯುವಾಗ ಸಾಲದು. ನಾವೇ ಮಾತಾಡುವಾಗ ‘ನಿವಾಸಿ’ ಅಂತ ಎಷ್ಟು ಸಲ ಹೇಳುತ್ತೇವೆ? ‘ಊರಿನವರು’ ಅನ್ನುತ್ತೇವೆ, ‘ಅಲ್ಲಿನ ಜನ’ ಅನ್ನುತ್ತೇವೆ. ಇನ್‌ಹ್ಯಾಬಿಟೆಂಟ್ಸ್ ಅನ್ನುವ ಪದಕ್ಕೆ ‘ಅಲ್ಲಿನ ಜನ’ ಅನ್ನುವುದೇ ಹತ್ತಿರದ ಕನ್ನಡ. ಮೊದಲು ಒಂದು ಜಾಗ ಕಣ್ಣ ಮುಂದೆ ಬರುತ್ತದೆ: ಒಂದು ದ್ವೀಪ, ಒಂದು ಕಣಿವೆ, ಒಂದು ಪಟ್ಟಣ. ಆಮೇಲೆ ಆ ಜಾಗವನ್ನು ತುಂಬಿಕೊಂಡಿರುವ ಜೀವಗಳು ಬರುತ್ತವೆ. ‘ದಿ ಇನ್‌ಹ್ಯಾಬಿಟೆಂಟ್ಸ್ ಆಫ್ ದಿ ವ್ಯಾಲಿ ಗ್ರೋ ಪ್ಯಾಡಿ’ ಅಂದರೆ ಆ ಕಣಿವೆಯ ಜನ ಭತ್ತ ಬೆಳೆಯುತ್ತಾರೆ. ಹೀಗೆ ಬರೆಯುವವರು ಸ್ವಲ್ಪ ದೂರದಲ್ಲಿ, ಗುಡ್ಡದ ಮೇಲೆ ನಿಂತು ಕೆಳಗೆ ನೋಡುತ್ತಿದ್ದಾರೆ ಅಂದುಕೊಳ್ಳಿ. ಈ ದೂರ ಒಂದು ಮನಸ್ಸಿಗೆ ಹತ್ತಿದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ರೆಸಿಡೆಂಟ್ ಅಂದರೂ ನಿವಾಸಿಯೇ. ಎರಡರ ನಡುವೆ ಏನು ವ್ಯತ್ಯಾಸ?

ಅತಿ ಹೆಚ್ಚು ಜನ ಕೇಳುವುದು ಇದನ್ನೇ.

ರೆಸಿಡೆಂಟ್ ಅನ್ನುವ ಪದದ ಹಿಂದೆ ಯಾವಾಗಲೂ ಒಂದು ವಿಳಾಸ ಇರುತ್ತದೆ. ಮನೆ ನಂಬರು, ಅಡ್ಡರಸ್ತೆ, ವಾರ್ಡು, ಕರೆಂಟ್ ಬಿಲ್ಲು. ಅದು ಕಚೇರಿಗೆ ಗೊತ್ತಾಗುವ ಪದ. ಅಪಾರ್ಟ್‌ಮೆಂಟ್ ಸಂಘಕ್ಕೆ ‘ರೆಸಿಡೆಂಟ್ಸ್ ವೆಲ್ಫೇರ್ ಅಸೋಸಿಯೇಷನ್’ ಅನ್ನುತ್ತಾರೆ, ಇನ್‌ಹ್ಯಾಬಿಟೆಂಟ್ಸ್ ಅಸೋಸಿಯೇಷನ್ ಅಂತ ಯಾರೂ ಅನ್ನುವುದಿಲ್ಲ. ಆಧಾರ್ ಕಾನೂನು, ಆದಾಯ ತೆರಿಗೆ ಕಾನೂನು, ಮತದಾರರ ಪಟ್ಟಿಯ ಕಾನೂನು, ಎಲ್ಲ ಕಡೆ ಇರುವುದು ರೆಸಿಡೆಂಟ್. ಮತದಾರರ ಪಟ್ಟಿಗೆ ಹೆಸರು ಸೇರಿಸಲು ನೀವು ಆ ಕ್ಷೇತ್ರದಲ್ಲಿ ‘ಆರ್ಡಿನರಿಲಿ ರೆಸಿಡೆಂಟ್’ ಆಗಿರಬೇಕು ಅಂತ 1950ರ ಜನಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ.

ಇನ್‌ಹ್ಯಾಬಿಟೆಂಟ್‌ಗೆ ಕಾಗದ ಬೇಕಿಲ್ಲ. ಅಲ್ಲಿ ಬದುಕುತ್ತಿದ್ದರೆ ಆಯಿತು. ಭೂಗೋಳದ ಪಾಠದಲ್ಲಿ, ಇತಿಹಾಸದಲ್ಲಿ, ಪ್ರವಾಸದ ಬರಹದಲ್ಲಿ, ಜನಸಂಖ್ಯೆಯ ಲೆಕ್ಕದಲ್ಲಿ ಈ ಪದ ಚೆನ್ನಾಗಿ ಕೂರುತ್ತದೆ. ಹಂಪಿಯಲ್ಲಿ 500 ವರ್ಷದ ಹಿಂದೆ ಇದ್ದವರನ್ನು ‘ದಿ ಇನ್‌ಹ್ಯಾಬಿಟೆಂಟ್ಸ್ ಆಫ್ ವಿಜಯನಗರ’ ಅನ್ನಬಹುದು. ‘ರೆಸಿಡೆಂಟ್ಸ್ ಆಫ್ ವಿಜಯನಗರ’ ಅಂದರೆ ತಪ್ಪೇನೂ ಅಲ್ಲ. ಆದರೆ ಓದುವವರಿಗೆ ಬೆಂಗಳೂರಿನ ವಿಜಯನಗರ ಬಡಾವಣೆಯವರು ನೆನಪಾಗುತ್ತಾರೆ!

ಈ ಎರಡು ಪದಗಳನ್ನು ಮುಂದಿಟ್ಟುಕೊಂಡು ದೊಡ್ಡವರೇ ಚರ್ಚೆ ಮಾಡಿದ್ದಾರೆ. 1787ರ ಆಗಸ್ಟ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅವರ ಸಂವಿಧಾನ ಬರೆಯುತ್ತಿದ್ದಾಗ, ಪ್ರತಿನಿಧಿಯಾಗಿ ಆಯ್ಕೆಯಾಗುವವನು ಆ ರಾಜ್ಯದ ‘ರೆಸಿಡೆಂಟ್’ ಆಗಿರಬೇಕು ಅಂತ ಕರಡಿನಲ್ಲಿತ್ತು. ಆ ಸಭೆಯ ಸದಸ್ಯರಾದ ರೋಜರ್ ಶೆರ್ಮನ್ ಅದನ್ನು ತೆಗೆದು ‘ಇನ್‌ಹ್ಯಾಬಿಟೆಂಟ್’ ಅಂತ ಹಾಕೋಣ ಅಂದರು. ಇನ್ನೊಬ್ಬ ಸದಸ್ಯ ಜೇಮ್ಸ್ ಮ್ಯಾಡಿಸನ್ ಅದನ್ನು ಅನುಮೋದಿಸಿದರು. ಎರಡೂ ಪದ ಅಸ್ಪಷ್ಟವೇ, ಆದರೆ ಇನ್‌ಹ್ಯಾಬಿಟೆಂಟ್ ಅಂದರೆ ಕೆಲಸದ ಮೇಲೆ ಆಗಾಗ ಸಾಕಷ್ಟು ದಿನ ಊರು ಬಿಟ್ಟು ಹೋದವರೂ ಹೊರಗುಳಿಯುವುದಿಲ್ಲ ಅನ್ನುವುದು ಅವರ ವಾದ. ಇವತ್ತಿಗೂ ಆ ಸಂವಿಧಾನದ ಮೊದಲ ಭಾಗದಲ್ಲಿ ಇನ್‌ಹ್ಯಾಬಿಟೆಂಟ್ ಅಂತಲೇ ಇದೆ. ನಮ್ಮಲ್ಲೂ ಹಾಗೇ ಅಲ್ವಾ? ದುಡಿಯಲು ಮುಂಬೈಗೆ ಹೋದ ಮಗನನ್ನು ಊರಿನ ಲೆಕ್ಕದಿಂದ ಯಾರೂ ತೆಗೆಯುವುದಿಲ್ಲ. ಜಾತ್ರೆಗೆ ಅವನ ಹೆಸರಿನಲ್ಲೂ ಪಟ್ಟಿ ಎತ್ತುತ್ತಾರೆ.

‘ಇನ್‌ಹ್ಯಾಬಿಟೆಂಟ್ ಆಫ್’ ಸರಿಯೋ, ‘ಇನ್‌ಹ್ಯಾಬಿಟೆಂಟ್ ಇನ್’ ಸರಿಯೋ?

‘ಆಫ್’. ಯಾವಾಗಲೂ ಆಫ್ ಹಾಕಿದರೆ ತಪ್ಪಾಗುವುದಿಲ್ಲ.

ನೆನಪಿಟ್ಟುಕೊಳ್ಳಲು ಕನ್ನಡವೇ ಸಹಾಯ ಮಾಡುತ್ತದೆ. ‘ಮೈಸೂರಿನ ನಿವಾಸಿ’ ಅನ್ನುತ್ತೇವೆ, ‘ಮೈಸೂರಿನಲ್ಲಿ ನಿವಾಸಿ’ ಅನ್ನುವುದಿಲ್ಲ. ಕನ್ನಡದಲ್ಲಿ ‘ಇನ’ ಬಂದ ಕಡೆ ಇಂಗ್ಲಿಷ್‌ನಲ್ಲಿ ಆಫ್. ‘ಆ್ಯನ್ ಇನ್‌ಹ್ಯಾಬಿಟೆಂಟ್ ಆಫ್ ಮೈಸೂರು’, ‘ಎ ರೆಸಿಡೆಂಟ್ ಆಫ್ ಮೈಸೂರು’. ರೆಸಿಡೆಂಟ್ ಪದಕ್ಕೆ ಮಾತ್ರ ಇನ್ನೊಂದು ದಾರಿ ಇದೆ. ಅದು ವಿಶೇಷಣವಾಗಿ ಬಂದಾಗ, ಹಿಂದೆ ‘ಎ’ ಇಲ್ಲದಿದ್ದಾಗ, ‘ಇನ್’ ಹಾಕಬಹುದು: ‘ಶಿ ಈಸ್ ರೆಸಿಡೆಂಟ್ ಇನ್ ಮೈಸೂರು’. ಕಚೇರಿಯ ಕಾಗದಗಳಲ್ಲಿ ಇದು ಜಾಸ್ತಿ. ‘ಶಿ ಈಸ್ ಇನ್‌ಹ್ಯಾಬಿಟೆಂಟ್ ಇನ್ ಮೈಸೂರು’ ಅಂತ ಮಾತ್ರ ಬರೆಯಬೇಡಿ.

‘ದೇ ಇನ್‌ಹ್ಯಾಬಿಟ್ ಇನ್ ದಿ ಫಾರೆಸ್ಟ್’ ಅಂತ ಬರೆದಿದ್ದಕ್ಕೆ ಮಾರ್ಕ್ಸ್ ಕಳೆದಿದ್ದಾರೆ. ಯಾಕೆ?

ಈ ತಪ್ಪು ನನ್ನ ಹತ್ತಿರ ಬರುವ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಮಾಡುತ್ತಾರೆ. ನಾನೂ ಕನ್ನಡ ಮಾಧ್ಯಮದಲ್ಲಿ ಓದಿದವಳು, ಹೈಸ್ಕೂಲಿನಲ್ಲಿ ಇದೇ ವಾಕ್ಯ ಹೀಗೇ ಬರೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಇನ್’ ಮೇಲೆ ಗೆರೆ ಎಳೆದರು, ಕಾರಣ ಹೇಳಲಿಲ್ಲ. ಅದಕ್ಕೇ ಈಗ ಕಾರಣ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಕನ್ನಡದಲ್ಲಿ ‘ಕಾಡಿನಲ್ಲಿ ವಾಸಿಸುತ್ತಾರೆ’ ಅನ್ನುತ್ತೇವೆ. ಆ ‘ಅಲ್ಲಿ’ ನಮ್ಮ ಕಿವಿಯಲ್ಲಿ ಕೂತಿರುತ್ತದೆ. ಇಂಗ್ಲಿಷ್ ವಾಕ್ಯ ಮಾಡುವಾಗ ಅದೇ ‘ಇನ್’ ಆಗಿ ಹೊರಗೆ ಬರುತ್ತದೆ. ‘ಲಿವ್’ ಕ್ರಿಯಾಪದಕ್ಕೆ ಅದು ಬೇಕು: ‘ದೇ ಲಿವ್ ಇನ್ ದಿ ಫಾರೆಸ್ಟ್’. ಆದರೆ ಇನ್‌ಹ್ಯಾಬಿಟ್ ಸಕರ್ಮಕ, ಅಂದರೆ ಜಾಗದ ಹೆಸರನ್ನು ನೇರವಾಗಿ ಹಿಡಿಯುತ್ತದೆ. ಅದರ ಹೊಟ್ಟೆಯಲ್ಲೇ ಒಂದು ‘ಇನ್’ ಇದೆ, ಇನ್ನೊಂದು ಬೇಡ. ‘ದೇ ಇನ್‌ಹ್ಯಾಬಿಟ್ ದಿ ಫಾರೆಸ್ಟ್’, ಅಷ್ಟೇ. ನಮ್ಮಲ್ಲಿ ಮದುಮಗಳು ‘ಮನೆ ತುಂಬಿದಳು’ ಅನ್ನುತ್ತೇವೆ, ‘ಮನೆಯಲ್ಲಿ ತುಂಬಿದಳು’ ಅನ್ನುವುದಿಲ್ಲ. ಹಾಗೇ ಇದು.

ಇನ್‌ಹ್ಯಾಬಿಟೆಡ್ ಅಂದರೆ ಜನ ಇಲ್ಲದ ಜಾಗ ಅಲ್ವಾ? ‘ಇನ್’ ಅಂದರೆ ‘ಇಲ್ಲ’ ತಾನೇ?

ಅಲ್ಲ, ಇದು ದೊಡ್ಡ ಗುಂಡಿ. ಇನ್‌ಕರೆಕ್ಟ್, ಇನ್‌ಕಂಪ್ಲೀಟ್ ಅನ್ನುವ ಪದಗಳಲ್ಲಿ ‘ಇನ್’ ಅಂದರೆ ‘ಅಲ್ಲ’. ಇಲ್ಲಿ ‘ಇನ್’ ಅಂದರೆ ‘ಒಳಗೆ’. ಹಾಗಾಗಿ ಇನ್‌ಹ್ಯಾಬಿಟೆಡ್ ಅಂದರೆ ಜನ ಇರುವ ಜಾಗ. ಜನ ಇಲ್ಲದ್ದಕ್ಕೆ ಮುಂದೆ ಇನ್ನೊಂದು ತುಂಡು ಸೇರಿಸಿ ‘ಅನ್‌ಇನ್‌ಹ್ಯಾಬಿಟೆಡ್’ ಅನ್ನಬೇಕು. ಬಾಯಿಗೆ ಕಷ್ಟ, ಆದರೂ ಅದೇ ಸರಿ.

ಇನ್‌ಹ್ಯಾಬಿಟಬಲ್ ಅಂದರೂ ವಾಸಕ್ಕೆ ಯೋಗ್ಯ ಅಂತಲೇ. ಹ್ಯಾಬಿಟಬಲ್ ಅಂದರೂ ಅದೇ. ಎರಡಕ್ಕೂ ಒಂದೇ ಅರ್ಥ. ಫ್ರೆಂಚ್ ಕಲಿಯುವವರು ಮಾತ್ರ ಹುಷಾರಾಗಿರಿ: ಅವರ ಭಾಷೆಯಲ್ಲಿ ಇದೇ ಕಾಗುಣಿತದ ಪದಕ್ಕೆ ವಾಸಕ್ಕೆ ಯೋಗ್ಯವಲ್ಲದ್ದು ಅಂತ ಅರ್ಥ.

ಅನ್‌ಇನ್‌ಹ್ಯಾಬಿಟೆಡ್ ಮತ್ತು ಅನ್‌ಇನ್‌ಹ್ಯಾಬಿಟಬಲ್ ಇವೆರಡನ್ನೂ ಕಲಸಬೇಡಿ. ಮುರುಡೇಶ್ವರದ ಹತ್ತಿರ ಸಮುದ್ರದಲ್ಲಿರುವ ನೇತ್ರಾಣಿಯಲ್ಲಿ, ಮಲ್ಪೆಯ ಹತ್ತಿರದ ಸೇಂಟ್ ಮೇರೀಸ್ ದ್ವೀಪದಲ್ಲಿ ಯಾರೂ ಮನೆ ಮಾಡಿಕೊಂಡಿಲ್ಲ, ಆದ್ದರಿಂದ ‘ಆ್ಯನ್ ಅನ್‌ಇನ್‌ಹ್ಯಾಬಿಟೆಡ್ ಐಲ್ಯಾಂಡ್’. ಮಳೆಗೆ ಗೋಡೆ ಕುಸಿದು ಇರಲಾಗದಂತೆ ಆದ ಮನೆ ‘ಅನ್‌ಇನ್‌ಹ್ಯಾಬಿಟಬಲ್’. ಮೊದಲನೆಯದರಲ್ಲಿ ಯಾರೂ ಇಲ್ಲ. ಎರಡನೆಯದರಲ್ಲಿ ಇರಲು ಆಗುವುದಿಲ್ಲ. ಪರಿಹಾರದ ಅರ್ಜಿಯಲ್ಲಿ ಎರಡನೆಯದು ಬರೆಯಬೇಕಾದ ಕಡೆ ಮೊದಲನೆಯದು ಬರೆದರೆ, ‘ಅಲ್ಲಿ ಯಾರೂ ವಾಸವೇ ಇರಲಿಲ್ಲವಲ್ಲ’ ಅಂತ ಓದಿಕೊಳ್ಳುವ ಅಪಾಯ ಇದೆ. ದಯವಿಟ್ಟು ಇದೊಂದನ್ನು ಎರಡು ಸಲ ನೋಡಿ ಬರೆಯಿರಿ.

ಜನ ಇಲ್ಲದ ಹಳ್ಳಿಗೆ ಕನ್ನಡದಲ್ಲಿ ಏನನ್ನುತ್ತಾರೆ?

ನನಗೆ ತುಂಬ ಇಷ್ಟದ ಪ್ರಶ್ನೆ. ಜನಗಣತಿಯ ಪುಸ್ತಕಗಳಲ್ಲಿ ಹಳ್ಳಿಗಳನ್ನು ‘ಇನ್‌ಹ್ಯಾಬಿಟೆಡ್’, ‘ಅನ್‌ಇನ್‌ಹ್ಯಾಬಿಟೆಡ್’ ಅಂತ ಎರಡು ಬಗೆ ಮಾಡಿರುತ್ತಾರೆ. ಜನ ಇಲ್ಲದ ಹಳ್ಳಿ ಹೇಗಾಗುತ್ತದೆ ಅಂತ ಮಕ್ಕಳು ಕೇಳುತ್ತಾರೆ. ಕಂದಾಯ ದಾಖಲೆಯಲ್ಲಿ ಹಳ್ಳಿ ಅಂದರೆ ಗಡಿ, ಸರ್ವೆ ನಂಬರು, ಜಮೀನು. ಪ್ಲೇಗಿನ ಕಾಲದಲ್ಲೋ ಬರಗಾಲದಲ್ಲೋ ಜನ ಎದ್ದು ಪಕ್ಕದ ಊರಿಗೆ ಹೋದರೂ ಹಳ್ಳಿಯ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಅಂಥ ಊರಿಗೆ ನಮ್ಮ ಶಾನುಭೋಗರ ಕಾಲದಿಂದ ಇರುವ ಹೆಸರು ‘ಬೇಚರಾಕ್ ಗ್ರಾಮ’. ಇದು ಪಾರ್ಸಿಯಿಂದ ಬಂದ ಮಾತು. ‘ಬೇ’ ಅಂದರೆ ಇಲ್ಲದ, ‘ಚಿರಾಗ್’ ಅಂದರೆ ದೀಪ. ದೀಪ ಹಚ್ಚುವವರು ಇಲ್ಲದ ಊರು. ಕಂದಾಯ ಇಲಾಖೆಯ ಒಣ ಕಾಗದದಲ್ಲಿ ಇಂಥ ಪದ ಕೂತಿದೆ ಅಂತ ಮೊದಲು ಗೊತ್ತಾದ ದಿನ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಆಡುಮಾತಿನಲ್ಲಿ ‘ಹಾಳೂರು’ ಅನ್ನುತ್ತೇವೆ. ‘ಹಾಳೂರಿಗೆ ಉಳಿದವನೇ ಗೌಡ’ ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಆ ಉಳಿದವನನ್ನು ಇಂಗ್ಲಿಷ್‌ನಲ್ಲಿ ‘ದಿ ಲಾಸ್ಟ್ ಇನ್‌ಹ್ಯಾಬಿಟೆಂಟ್’ ಅಂತ ಬರೆಯಬಹುದು. ಏಕವಚನ ಚೆನ್ನಾಗಿ ಕೂರುವ ಜಾಗ ಇದು.

ಅಂದರೆ ಏಕವಚನದಲ್ಲಿ ಬಳಸುವುದು ಕಡಿಮೆಯಾ?

ಹೌದು. ನೂರು ವಾಕ್ಯ ನೋಡಿದರೆ ಹೆಚ್ಚಿನವು ಬಹುವಚನ. ‘ಐ ಆ್ಯಮ್ ಆ್ಯನ್ ಇನ್‌ಹ್ಯಾಬಿಟೆಂಟ್ ಆಫ್ ತುಮಕೂರು’ ಅಂತ ಪರಿಚಯ ಮಾಡಿಕೊಂಡರೆ ವ್ಯಾಕರಣದ ತಪ್ಪಿಲ್ಲ, ಆದರೆ ಕೇಳುವವರಿಗೆ ಯಾರೋ ಪುಸ್ತಕ ಓದಿದ ಹಾಗೆ ಅನಿಸುತ್ತದೆ. ‘ಐ ಲಿವ್ ಇನ್ ತುಮಕೂರು’, ‘ಐ ಆ್ಯಮ್ ಫ್ರಮ್ ತುಮಕೂರು’ ಅನ್ನಿ. ಇಂಟರ್‌ವ್ಯೂನಲ್ಲಂತೂ ಇದೇ ಹೇಳಿ. ಏಕವಚನಕ್ಕೆ ಮುಂದೆ ‘ಆ್ಯನ್’ ಬೇಕು, ‘ಎ’ ಅಲ್ಲ. ಜೊತೆಗೆ ಒಂದು ವಿಶೇಷಣ ಇದ್ದರೆ ಏಕವಚನ ಸಲೀಸಾಗುತ್ತದೆ: ಓಲ್ಡೆಸ್ಟ್ ಇನ್‌ಹ್ಯಾಬಿಟೆಂಟ್, ಓನ್ಲಿ ಇನ್‌ಹ್ಯಾಬಿಟೆಂಟ್, ಲಾಸ್ಟ್ ಇನ್‌ಹ್ಯಾಬಿಟೆಂಟ್.

ಪಾಪ್ಯುಲೇಶನ್ ಅಂದರೂ ಜನರೇ ಅಲ್ವಾ?

ಪಾಪ್ಯುಲೇಶನ್ ಒಂದು ಒಟ್ಟು ಲೆಕ್ಕ, ಇನ್‌ಹ್ಯಾಬಿಟೆಂಟ್ಸ್ ಆ ಲೆಕ್ಕದೊಳಗಿನ ತಲೆಗಳು. ‘ಎ ಟೌನ್ ವಿತ್ ಎ ಪಾಪ್ಯುಲೇಶನ್ ಆಫ್ 20,000’ ಅನ್ನಬಹುದು, ‘ಎ ಟೌನ್ ಆಫ್ 20,000 ಇನ್‌ಹ್ಯಾಬಿಟೆಂಟ್ಸ್’ ಅನ್ನಬಹುದು. ಎರಡನ್ನೂ ಬೆರೆಸಿ ‘20,000 ಪಾಪ್ಯುಲೇಶನ್ಸ್’ ಅನ್ನಬಾರದು. ಜನಸಾಂದ್ರತೆ ಹೇಳುವಾಗಲೂ ಈ ಪದ ಬರುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಂದ್ರತೆ ಚದರ ಕಿಲೋಮೀಟರಿಗೆ 319 ಜನ. ಇಂಗ್ಲಿಷ್‌ನಲ್ಲಿ ‘319 ಇನ್‌ಹ್ಯಾಬಿಟೆಂಟ್ಸ್ ಪರ್ ಸ್ಕ್ವೇರ್ ಕಿಲೋಮೀಟರ್’.

ಪ್ರಾಣಿ, ಪಕ್ಷಿಗಳಿಗೂ ಹೇಳಬಹುದಾ?

ಧಾರಾಳವಾಗಿ ಹೇಳಬಹುದು. ‘ದಿ ಇನ್‌ಹ್ಯಾಬಿಟೆಂಟ್ಸ್ ಆಫ್ ದಿ ಪಾಂಡ್’ ಅಂದರೆ ಕೆರೆಯ ಕಪ್ಪೆ, ಮೀನು, ಏಡಿ ಎಲ್ಲ ಸೇರುತ್ತವೆ.

ಪಕ್ಷಿ ನೋಡುವವರ ಮಾತಿನಲ್ಲಿ ಮಾತ್ರ ರೆಸಿಡೆಂಟ್‌ಗೆ ಬೇರೆಯದೇ ಅರ್ಥ ಇದೆ. ವರ್ಷಪೂರ್ತಿ ಇಲ್ಲೇ ಇರುವ ಹಕ್ಕಿ ರೆಸಿಡೆಂಟ್, ಚಳಿಗಾಲಕ್ಕೆ ಬಂದು ಹೋಗುವುದು ಮೈಗ್ರೆಂಟ್ ಅಥವಾ ವಿಂಟರ್ ವಿಸಿಟರ್. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ವಿಂಟರ್ ವಿಸಿಟರ್. ಅದೇ ಕೆರೆಯ ದಡದ ಮಿಂಚುಳ್ಳಿ ರೆಸಿಡೆಂಟ್. ಹಕ್ಕಿಗಳಿಗೆ ವಿಳಾಸದ ಕಾಗದ ಇಲ್ಲವಲ್ಲ ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ಇಲ್ಲಿ ಲೆಕ್ಕಕ್ಕೆ ಬರುವುದು ಕಾಗದ ಅಲ್ಲ, ಹೋಗದೆ ಉಳಿಯುವುದು. ರೆಸಿಡೆಂಟ್ ಪದದ ಲ್ಯಾಟಿನ್ ಮೂಲದಲ್ಲಿ ‘ಕೂರು’ ಅನ್ನುವ ಅರ್ಥ ಇದೆ. ಕೂತು ಉಳಿದವರು ರೆಸಿಡೆಂಟ್. ಮುಂದೆ ಕೂತವರು ಪ್ರೆಸಿಡೆಂಟ್, ಅದೂ ಅದೇ ಬೇರಿನದು.

ಹಾಗಾದರೆ ಇನ್‌ಹ್ಯಾಬಿಟೆಂಟ್‌ನ ಮೂಲ?

ಅದೂ ಲ್ಯಾಟಿನ್. ‘ಹ್ಯಾಬಿಟಾರೆ’ ಅಂದರೆ ವಾಸಿಸು, ಅದು ಹುಟ್ಟಿದ್ದು ‘ಹ್ಯಾಬೇರೆ’ ಅಂದರೆ ಹೊಂದು, ಹಿಡಿದುಕೊ ಅನ್ನುವ ಮಾತಿನಿಂದ. ಹ್ಯಾಬಿಟ್, ಹ್ಯಾಬಿಟಾಟ್ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಅಭ್ಯಾಸವೂ ವಾಸವೂ ಒಂದೇ ಮೂಲದಿಂದ ಬಂದಿವೆ. ಕಾಗುಣಿತ ನೆನಪಿಡಲು ಇದು ಉಪಯೋಗ: ಹ್ಯಾಬಿಟ್ ಬರೆಯಲು ಬಂದರೆ ಶುರುವಿಗೆ ‘ಇನ್’, ಕೊನೆಗೆ ‘ಎ, ಎನ್, ಟಿ’ ಸೇರಿಸಿ. ರೆಸಿಡೆಂಟ್ ಕೊನೆಗೆ ‘ಇ, ಎನ್, ಟಿ’. ‘ಇನ್‌ಹಿಬಿಟ್’ ಅನ್ನುವ ಪದ ಬೇರೆ, ಅದರ ಅರ್ಥ ತಡೆ ಹಿಡಿಯುವುದು. ಅವಸರದಲ್ಲಿ ಎರಡೂ ಅದಲುಬದಲು ಆಗುತ್ತವೆ.

ಉಚ್ಚಾರಣೆಯಲ್ಲಿ ಒತ್ತು ‘ಹ್ಯಾ’ ಮೇಲೆ. ನಾವು ಕನ್ನಡದವರು ಎಲ್ಲ ಅಕ್ಷರಕ್ಕೂ ಸಮನಾಗಿ ತೂಕ ಕೊಡುತ್ತೇವೆ. ಇಲ್ಲಿ ‘ಹ್ಯಾ’ ಜೋರು, ಕೊನೆಯ ‘ಟಂಟ್’ ಮೆಲ್ಲಗೆ.

ನಮ್ಮ ರಸ್ತೆಗೆ ನೀರು ಬರುತ್ತಿಲ್ಲ. ‘ವಿ, ದಿ ಇನ್‌ಹ್ಯಾಬಿಟೆಂಟ್ಸ್ ಆಫ್ 3ನೇ ಕ್ರಾಸ್’ ಅಂತ ಶುರು ಮಾಡಬಹುದಾ?

‘ವಿ, ದಿ ರೆಸಿಡೆಂಟ್ಸ್ ಆಫ್ 3ನೇ ಕ್ರಾಸ್’ ಅಂತ ಬರೆಯಿರಿ. ನಾನು ಹೇಳಿದ ಗುಡ್ಡ ನೆನಪಿದೆಯಾ? ನಿಮ್ಮ ರಸ್ತೆಯ ಬಗ್ಗೆ ನೀವೇ ಬರೆಯುವಾಗ ಗುಡ್ಡದ ಮೇಲೆ ನಿಂತಿರುವುದಿಲ್ಲ, ರಸ್ತೆಯಲ್ಲೇ ನಿಂತಿರುತ್ತೀರಿ, ಕೈಯಲ್ಲಿ ಖಾಲಿ ಕೊಡ ಇರುತ್ತದೆ. ಕಚೇರಿಗೆ ಬೇಕಿರುವುದು ವಿಳಾಸ ಇರುವ, ಬಿಲ್ಲು ಕಟ್ಟುವ ಜನ.

ನಮ್ಮ ಬಡಾವಣೆಯಲ್ಲಿ ಒಮ್ಮೆ ಒಬ್ಬ ಹಿರಿಯರು ಬರೆದ ಮನವಿಯಲ್ಲಿ ‘ಇನ್‌ಹ್ಯಾಬಿಟೆಂಟ್ಸ್’ ಇತ್ತು. ಕಚೇರಿಯ ಗುಮಾಸ್ತರು ಅದನ್ನು ಓದಿ, ಇದು ಸೈಟುದಾರರ ಅರ್ಜಿಯೋ ಗುಡಿಸಲು ಹಾಕಿಕೊಂಡವರ ಅರ್ಜಿಯೋ ಅಂತ ಕೇಳಿದರು. ಪದ ತಪ್ಪಲ್ಲ, ಕೇಳಿದ ರೀತಿಯೂ ಸರಿಯಲ್ಲ. ಆದರೆ ಒಂದು ಪದದಿಂದ ಫೈಲು ಒಂದು ವಾರ ಹಿಂದೆ ಬಿತ್ತು. ಆ ವಾರವೂ ನಾವು ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟೆವು. ಕನ್ನಡದಲ್ಲೇ ಬರೆದಿದ್ದರೆ ‘3ನೇ ಅಡ್ಡರಸ್ತೆಯ ನಿವಾಸಿಗಳಾದ ನಾವು’ ಅಂತ ಒಂದೇ ಏಟಿಗೆ ಮುಗಿಯುತ್ತಿತ್ತು. ಕರ್ನಾಟಕದ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡಿ ಅಂತ ಅದಕ್ಕೇ ನಾನು ಎಲ್ಲರಿಗೂ ಹೇಳುತ್ತೇನೆ.

ಸಿಟಿಜನ್ ಅಂತ ಬರೆದರೆ?

ಅದು ಬೇರೆಯೇ ವಿಷಯ. ಸಿಟಿಜನ್ ಅಂದರೆ ದೇಶದ ಪ್ರಜೆ, ನಾಗರಿಕ. ಎಲ್ಲಿ ವಾಸ ಅನ್ನುವುದಕ್ಕೂ ಯಾವ ದೇಶದ ಪ್ರಜೆ ಅನ್ನುವುದಕ್ಕೂ ನಂಟು ಇರಲೇಬೇಕು ಅಂತಿಲ್ಲ. ಆಧಾರ್ ಕೊಡುವುದು ರೆಸಿಡೆಂಟ್‌ಗೆ. 2016ರ ಕಾಯ್ದೆಯ ಪ್ರಕಾರ ಅರ್ಜಿ ಹಾಕುವ ಮುಂಚಿನ 12 ತಿಂಗಳಲ್ಲಿ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಭಾರತದಲ್ಲಿ ಇದ್ದವರು ರೆಸಿಡೆಂಟ್. ಅದಕ್ಕೇ ಆಧಾರ್ ಪೌರತ್ವದ ದಾಖಲೆ ಅಲ್ಲ ಅನ್ನುವುದು.

ಹೊರದೇಶದಲ್ಲಿರುವ ನಮ್ಮವರಿಗೆ ಇದು ದಿನನಿತ್ಯದ ಗೊಂದಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿ ದುಡಿಯುವ ಮಂಗಳೂರಿನವರು ಭಾರತದ ಸಿಟಿಜನ್, ಆದರೆ ಇಲ್ಲಿನ ತೆರಿಗೆ ಲೆಕ್ಕಕ್ಕೆ ‘ನಾನ್ ರೆಸಿಡೆಂಟ್’. ಎನ್‌ಆರ್‌ಐ ಅನ್ನುವುದರ ನಡುವಿನ ‘ಆರ್’ ಅದೇ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಸಿಕ್ಕವರು ‘ಪರ್ಮನೆಂಟ್ ರೆಸಿಡೆಂಟ್’, ಸಿಟಿಜನ್ ಅಲ್ಲ. ಎಚ್-1ಬಿ ವೀಸಾದವರು ಅಲ್ಲಿನ ವಲಸೆ ಕಾನೂನಿಗೆ ‘ನಾನ್ ಇಮಿಗ್ರೆಂಟ್’, ತೆರಿಗೆ ಕಾನೂನಿಗೆ ಸಾಕಷ್ಟು ದಿನ ಅಲ್ಲಿ ಇದ್ದರೆ ‘ರೆಸಿಡೆಂಟ್ ಏಲಿಯನ್’. ಒಬ್ಬರೇ ಮನುಷ್ಯರಿಗೆ ಒಂದೇ ದಿನ ಎರಡು ಹೆಸರು! ಇಂಥ ಫಾರ್ಮ್ ತುಂಬುವಾಗ ನಿಘಂಟು ನೋಡಬೇಡಿ, ಆ ಫಾರ್ಮಿನ ಹಿಂದೆಯೇ ಕೊಟ್ಟಿರುವ ವಿವರಣೆ ಓದಿ. ಸಂತೋಷದ ವಿಷಯ ಅಂದರೆ ಇಂಥ ಫಾರ್ಮುಗಳಲ್ಲಿ ಇನ್‌ಹ್ಯಾಬಿಟೆಂಟ್ ಬರುವುದು ತೀರಾ ಅಪರೂಪ.

ನೇಟಿವ್, ಲೋಕಲ್?

‘ನಿಮ್ಮ ನೇಟಿವ್ ಯಾವುದು?’ ಅಂತ ನಾವು ಕೇಳುವುದು ನಮ್ಮ ದೇಶದ ಇಂಗ್ಲಿಷ್. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದವರ ಹತ್ತಿರ ‘ಹೋಮ್‌ಟೌನ್’ ಅನ್ನಿ. ನೇಟಿವ್ ಆಫ್ ಹಾಸನ ಅಂದರೆ ಹಾಸನದಲ್ಲಿ ಹುಟ್ಟಿದವರು, ಈಗ ಎಲ್ಲಿದ್ದರೂ ಸರಿ. ಇನ್‌ಹ್ಯಾಬಿಟೆಂಟ್ ಆಫ್ ಹಾಸನ ಅಂದರೆ ಈಗ ಹಾಸನದಲ್ಲಿ ಇರುವವರು, ಎಲ್ಲಿ ಹುಟ್ಟಿದ್ದರೂ ಸರಿ. ಒಂದು ಜನಾಂಗವನ್ನು ‘ದಿ ನೇಟಿವ್ಸ್’ ಅಂತ ಕರೆಯಬೇಡಿ. ಬ್ರಿಟಿಷರು ನಮ್ಮನ್ನೆಲ್ಲ ಹಾಗೆ ಕರೆಯುತ್ತಿದ್ದರು, ಆ ಪದದಲ್ಲಿ ಇನ್ನೂ ಆ ಕಹಿ ಇದೆ. ಲೋಕಲ್ಸ್ ಅನ್ನುವುದು ಹೊರಗಿಂದ ಬಂದವರು ಊರಿನವರಿಗೆ ಹೇಳುವ ಮಾತು.

ಆದಿವಾಸಿ ಅನ್ನುವುದನ್ನು ಇಂಗ್ಲಿಷ್‌ಗೆ ತರುವಾಗ?

ಆದಿಯಿಂದ ವಾಸಿಸುವವರು. ಅಕ್ಷರಕ್ಕೆ ಅಕ್ಷರ ಇಟ್ಟರೆ ‘ಒರಿಜಿನಲ್ ಇನ್‌ಹ್ಯಾಬಿಟೆಂಟ್ಸ್’. ಆದರೆ ಅನುವಾದ ಮಾಡುವಾಗ ‘ಆದಿವಾಸಿ’ ಅಂತಲೇ ಉಳಿಸಿಕೊಳ್ಳುವುದು ಒಳ್ಳೆಯದು, ಇಂಗ್ಲಿಷ್ ಓದುಗರಿಗೂ ಅದು ಪರಿಚಯ ಇದೆ. ಅದಕ್ಕಿಂತ ಒಳ್ಳೆಯದು ಸಮುದಾಯದ ಹೆಸರನ್ನೇ ಹೇಳುವುದು: ಸೋಲಿಗರು, ಜೇನು ಕುರುಬರು, ಕೊರಗರು.

ಕಾನೂನಿನಲ್ಲಿ ಇಲ್ಲಿ ಇನ್ನೊಂದು ಪದ ಬರುತ್ತದೆ, ‘ಡ್ವೆಲರ್’. 2006ರ ಅರಣ್ಯ ಹಕ್ಕು ಕಾಯ್ದೆಯ ಪೂರ್ತಿ ಹೆಸರಿನಲ್ಲೇ ‘ಅದರ್ ಟ್ರೆಡಿಶನಲ್ ಫಾರೆಸ್ಟ್ ಡ್ವೆಲರ್ಸ್’ ಅಂತ ಇದೆ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ ಅಲ್ಲಿ ಇದ್ದಿದ್ದನ್ನು ತೋರಿಸಬೇಕು. ಮಲೆನಾಡಿನಲ್ಲಿ, ಉತ್ತರ ಕನ್ನಡದಲ್ಲಿ ಅಜ್ಜನ ಕಾಲದ ಕಾಗದ ಹುಡುಕುತ್ತಾ ಅಲೆಯುವ ಎಷ್ಟೋ ಜನರನ್ನು ನೋಡಿದ್ದೇನೆ. ಅಲ್ಲಿ ಬದುಕಿದ್ದು ನಿಜ. ಬದುಕಿದ್ದಕ್ಕೆ ಕಾಗದ ಇಲ್ಲ. ಇನ್‌ಹ್ಯಾಬಿಟೆಂಟ್‌ಗೂ ರೆಸಿಡೆಂಟ್‌ಗೂ ನಡುವಿನ ವ್ಯತ್ಯಾಸ ನಿಘಂಟಿನಲ್ಲಿ ಒಂದು ಸಾಲು, ಅವರಿಗೆ ಅದು ಇಡೀ ಜಮೀನು.

ಉಳಿದ ಪದಗಳು? ಇನ್‌ಮೇಟ್, ಆಕ್ಯುಪೆಂಟ್, ಡೆನಿಜನ್?

ಬೇಗ ಹೇಳುತ್ತೇನೆ. ಆಕ್ಯುಪೆಂಟ್ ಅಂದರೆ ಆ ಹೊತ್ತಿಗೆ ಆ ಜಾಗದಲ್ಲಿ ಇರುವವರು, ಕಾರಿನ ಸೀಟಿನಲ್ಲಿ ಕೂತವರೂ ಆಕ್ಯುಪೆಂಟ್. ಟೆನೆಂಟ್ ಬಾಡಿಗೆಯವರು. ಡ್ವೆಲರ್ ಪದ ಸಾಮಾನ್ಯವಾಗಿ ಜೋಡಿಯಲ್ಲೇ ಬರುತ್ತದೆ: ಸಿಟಿ ಡ್ವೆಲರ್, ಸ್ಲಮ್ ಡ್ವೆಲರ್, ಕೇವ್ ಡ್ವೆಲರ್. ಡೆನಿಜನ್ ಅಂದರೂ ನಿವಾಸಿಯೇ, ಆದರೆ ಅದು ಸಾಹಿತ್ಯದ ಪದ, ಪರೀಕ್ಷೆಯಲ್ಲಿ ಸಮಾನಾರ್ಥಕ ಕೇಳಿದರೆ ಬರೆಯಿರಿ, ಪತ್ರದಲ್ಲಿ ಬೇಡ.

ಇನ್‌ಮೇಟ್ ಬಗ್ಗೆ ಮಾತ್ರ ನಿಲ್ಲಬೇಕು. ನಮ್ಮ ಹಾಸ್ಟೆಲ್ ನೋಟಿಸ್ ಬೋರ್ಡುಗಳಲ್ಲಿ ‘ಆಲ್ ಇನ್‌ಮೇಟ್ಸ್ ಶುಡ್’ ಅಂತ ಈಗಲೂ ಇರುತ್ತದೆ. ಹಿಂದೆ ಆ ಪದಕ್ಕೆ ಒಂದೇ ಮನೆಯಲ್ಲಿ ಜೊತೆಗಿರುವವರು ಅನ್ನುವ ಸಾದಾ ಅರ್ಥ ಇತ್ತು. ಇವತ್ತು ಇಂಗ್ಲಿಷ್ ಓದುವ ಹೆಚ್ಚಿನವರಿಗೆ ಅದು ಜೈಲಿನ ಕೈದಿ. ಹಾಸ್ಟೆಲ್ ಮಕ್ಕಳನ್ನು, ವೃದ್ಧಾಶ್ರಮದ ಹಿರಿಯರನ್ನು ‘ರೆಸಿಡೆಂಟ್ಸ್’ ಅನ್ನಿ. ನಿಮ್ಮ ಕೈಯಲ್ಲಿ ಅಂಥ ಬೋರ್ಡು ಇದ್ದರೆ ಇವತ್ತೇ ಬದಲಾಯಿಸಿ.

ಕನ್ನಡಿಗ, ಬ್ಯಾಂಗಲೋರಿಯನ್, ಮೈಸೋರಿಯನ್ ಇವೆಲ್ಲ ಇನ್‌ಹ್ಯಾಬಿಟೆಂಟ್ ಅಂತಲೇ ಅಲ್ವಾ?

ಬ್ಯಾಂಗಲೋರಿಯನ್, ಮೈಸೋರಿಯನ್ ಊರಿನಿಂದ ಬಂದ ಹೆಸರುಗಳು. ಕನ್ನಡಿಗ ನುಡಿಯಿಂದ ಬಂದ ಹೆಸರು. ಕಾಸರಗೋಡು 1956ರಿಂದ ಕೇರಳದಲ್ಲಿದೆ. ಅಲ್ಲಿನ ಕನ್ನಡಿಗರು ಕೇರಳದ ಇನ್‌ಹ್ಯಾಬಿಟೆಂಟ್ಸ್, ಆದರೂ ಕನ್ನಡಿಗರೇ. ಕೊಡವ ಅಂದರೆ ಒಂದು ಸಮುದಾಯ, ಕೊಡಗಿನಲ್ಲಿ ಇರುವವರೆಲ್ಲ ಕೊಡವರಲ್ಲ. ಹೀಗಿರುವ ಕಡೆ ‘ದಿ ಇನ್‌ಹ್ಯಾಬಿಟೆಂಟ್ಸ್ ಆಫ್ ಕೊಡಗು’ ಅನ್ನುವುದು ನಿಜವಾಗಿ ಕೆಲಸಕ್ಕೆ ಬರುತ್ತದೆ, ಯಾರನ್ನೂ ಬಿಡುವುದಿಲ್ಲ.

ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೂ ನಿವಾಸಿಗಳಿಗೂ ಏನು ಸಂಬಂಧ?

ಅಲ್ಲಿ ರೆಸಿಡೆಂಟ್ ಅಂದರೆ ಒಂದು ಹುದ್ದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರಿನ ಆಸ್ಥಾನದ ಮೇಲೆ ಕಣ್ಣಿಡಲು ಬ್ರಿಟಿಷರು ಇಟ್ಟ ಅಧಿಕಾರಿಗೆ ರೆಸಿಡೆಂಟ್ ಅನ್ನುತ್ತಿದ್ದರು. ಮೊದಲನೆಯವನು ಬ್ಯಾರಿ ಕ್ಲೋಸ್. 1881ರಲ್ಲಿ ಒಡೆಯರಿಗೆ ಆಡಳಿತ ಮರಳಿದಾಗ ಆ ಹುದ್ದೆ ಮತ್ತೆ ಬಂತು. ರಸ್ತೆಗೆ ಈಗ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದ್ದರೂ ಆಟೋದವರಿಗೆ ಹಳೆಯ ಹೆಸರೇ ಹೇಳಬೇಕು. ಆಸ್ಪತ್ರೆಯ ‘ರೆಸಿಡೆಂಟ್ ಡಾಕ್ಟರ್’ ಕೂಡ ಇಂಥದ್ದೇ ಒಂದು ಹುದ್ದೆಯ ಹೆಸರು, ಹಿಂದೆ ಅವರು ಆಸ್ಪತ್ರೆಯಲ್ಲೇ ಉಳಿಯುತ್ತಿದ್ದರು.

ಊರೇ ಮುಳುಗಿಹೋದರೆ ಅಲ್ಲಿದ್ದವರನ್ನು ಏನನ್ನಬೇಕು?

ಇದನ್ನು ಕೇಳಿದವರು ಸಾಗರದ ಕಡೆಯ ಒಬ್ಬ ತಾಯಿ. ಅವರ ಅಜ್ಜಿಯ ಊರು ಶರಾವತಿಯ ಹಿನ್ನೀರಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಎಷ್ಟೋ ಊರು ನೀರಿನಡಿಗೆ ಹೋದವು. ಕನ್ನಡದಲ್ಲಿ ಅವರನ್ನು ‘ಮುಳುಗಡೆ ಸಂತ್ರಸ್ತರು’ ಅನ್ನುತ್ತೇವೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರಿಗೂ ಅದೇ ಹೆಸರು. ಸರ್ಕಾರಿ ಇಂಗ್ಲಿಷ್‌ನಲ್ಲಿ ‘ಔಸ್ಟೀಸ್’, ಹೊರಹಾಕಲ್ಪಟ್ಟವರು ಅಂತ. ಆ ತಾಯಿ ಮಗಳ ಶಾಲೆಯ ಪ್ರಾಜೆಕ್ಟಿಗೆ ಬರೆಯಬೇಕಿತ್ತು. ಔಸ್ಟೀಸ್ ಅನ್ನುವ ಪದ ಅವರಿಗೆ ಒಪ್ಪಲಿಲ್ಲ. ಅಜ್ಜಿ ಅಲ್ಲಿ ಗದ್ದೆ ಮಾಡಿದ್ದರು, ಎಂಟು ಮಕ್ಕಳನ್ನು ಹೆತ್ತಿದ್ದರು, ಅದನ್ನೆಲ್ಲ ಬಿಟ್ಟು ಬರೀ ಎಬ್ಬಿಸಿದ ದಿನವನ್ನೇ ಯಾಕೆ ಹೆಸರಿಗೆ ಹಾಕಬೇಕು ಅಂದರು.

‘ಫಾರ್ಮರ್ ರೆಸಿಡೆಂಟ್ಸ್’ ಅಂದರೆ ಮನೆ ಬದಲಾಯಿಸಿದವರು ಅಂತ ಕೇಳಿಸುತ್ತದೆ. ನಾನು ‘ಫಾರ್ಮರ್ ಇನ್‌ಹ್ಯಾಬಿಟೆಂಟ್ಸ್’ ಅಂತ ಸೂಚಿಸಿದೆ. ಅವರು ಅದನ್ನೂ ಸ್ವಲ್ಪ ಹೊತ್ತು ನೋಡಿ, ‘ಫಾರ್ಮರ್’ ಹೊಡೆದುಹಾಕಿ, ಮಗಳ ಕೈಯಲ್ಲಿ ಹೀಗೆ ಬರೆಸಿದರು: ‘ಮೈ ಗ್ರೇಟ್-ಗ್ರ್ಯಾಂಡ್‌ಮದರ್ ವಾಸ್ ಆ್ಯನ್ ಇನ್‌ಹ್ಯಾಬಿಟೆಂಟ್ ಆಫ್ ಎ ವಿಲೇಜ್ ದಟ್ ಈಸ್ ನೌ ಅಂಡರ್ ವಾಟರ್.’ ಆ ವಾಕ್ಯದಲ್ಲಿ ನಾನು ತಿದ್ದುವುದು ಏನೂ ಇರಲಿಲ್ಲ.